ಒಂದೇ ಕಂಬದ ಮೇಲೆ ಎರಡು ವೈರು

(ಕೊಡಗಿನ ಗೋಣಿಕೊಪ್ಪಲಿನಲ್ಲಿ ಕಾಫಿ ಬೆಳೆಗಾರರು, ಹೋಂಸ್ಟೇ ನಡೆಸುವವರು, ಕಾಲೇಜು ಹುಡುಗರು ಸೇರಿದ್ದ ಒಂದು ಸಭೆಯಲ್ಲಿ ಮಾತಾಡಿದ್ದು. ರೆಕಾರ್ಡಿಂಗ್ ಕೇಳಿಕೊಂಡು ನಾನೇ ಬರೆದಿದ್ದೇನೆ. ಹಿಂದೆಮುಂದೆ ಆಗಿದ್ದನ್ನು ಸ್ವಲ್ಪ ಸರಿ ಮಾಡಿದ್ದೇನೆ, ಅಷ್ಟೇ.)

ಎಲ್ಲರಿಗೂ ನಮಸ್ಕಾರ. ಮುಂದಿನ ಹತ್ತು ವರ್ಷದಲ್ಲಿ ನೆಟ್‌ವರ್ಕ್‌ಗೆ, ಬ್ಯಾಂಡ್‌ವಿಡ್ತ್‌ಗೆ (ಅಂದರೆ ಸೆಕೆಂಡಿಗೆ ಎಷ್ಟು ಡೇಟಾ ಸಾಗಿಸಬಹುದು ಅನ್ನೋದಕ್ಕೆ) ಎಷ್ಟು ಬೇಡಿಕೆ ಬರುತ್ತೆ ಅಂತ ಮಾತಾಡಲು ನನ್ನನ್ನು ಕರೆದಿದ್ದಾರೆ. ಈ ವಿಷಯ ತಿಳಿಸಲು ಆಯೋಜಕರು ಫೋನ್ ಮಾಡಿದಾಗ ಕಾಲ್ ಎರಡು ಸಲ ಕಟ್ ಆಯ್ತು. ಮೂರನೇ ಸಲ ನಾನು ಅಂಗಳ ದಾಟಿ, ಕಣದ ಮೂಲೆಯ ಹಲಸಿನ ಮರದ ಹತ್ತಿರ ಹೋಗಿ ನಿಂತೆ. ನಮ್ಮ ಮನೆಯಲ್ಲಿ ರೇಂಜ್ ಸಿಗುವ ಜಾಗ ಅದೊಂದೇ. ನಿಮ್ಮಲ್ಲಿ ಅರ್ಧ ಜನರ ಮನೆಯಲ್ಲೂ ಇಂಥ ಒಂದು ಮರ ಇರುತ್ತೆ, ಅಲ್ವಾ?

ಮೊದಲಿಗೆ ನನ್ನದೇ ಒಂದು ಪೆದ್ದುತನ ಹೇಳಿಬಿಡುತ್ತೇನೆ. ಮಗಳು ಮನೆಯಿಂದಲೇ ಕೆಲಸ ಮಾಡುತ್ತಾಳೆ. ಒಂದೇ ಕನೆಕ್ಷನ್ ನಂಬಿ ಕೂರಬಾರದು ಅಂತ ಎರಡು ಬೇರೆ ಬೇರೆ ಕಂಪನಿಯ ಫೈಬರ್ ಹಾಕಿಸಿದೆ. ತಿಂಗಳಿಗೆ ಎರಡು ಬಿಲ್. ಊರವರ ಹತ್ತಿರ ಹೇಳಿಕೊಂಡು ಸ್ವಲ್ಪ ಜಂಬವನ್ನೂ ಪಟ್ಟೆ. ಜುಲೈ ತಿಂಗಳ ಒಂದು ರಾತ್ರಿ ಗಾಳಿಗೆ ಸಿಲ್ವರ್ ಓಕ್ ಮುರಿದು ರಸ್ತೆ ಬದಿಯ ಕರೆಂಟ್ ಕಂಬದ ಮೇಲೆ ಬಿತ್ತು. ಮನೆಯಲ್ಲಿ ಇನ್ವರ್ಟರ್ ಇತ್ತು, ಹಾಗಾಗಿ ಮೋಡೆಮ್‌ಗಳು ಆನ್ ಇದ್ದವು. ಆದರೆ ಎರಡರಲ್ಲೂ ಕೆಂಪು ದೀಪ. ಕೊಡೆ ಹಿಡಿದು ಹೋಗಿ ನೋಡಿದೆ. ಎರಡು ಕಂಪನಿಯ ಕಪ್ಪು ವೈರುಗಳೂ ಒಂದೇ ಕಂಬಕ್ಕೆ, ಒಂದೇ ಕೊಕ್ಕೆಗೆ ಸುತ್ತಿಕೊಂಡು ಬಂದಿದ್ದವು. ಮರ ಬಿದ್ದಿದ್ದು ಒಂದು, ಹೋಗಿದ್ದು ಎರಡು.

ಮೂವತ್ತು ವರ್ಷ ಟೆಲಿಕಾಂನಲ್ಲಿ ಟ್ರಾನ್ಸ್‌ಮಿಷನ್, ಅಂದರೆ ಸಿಗ್ನಲ್ ಸಾಗಿಸುವ ಕೆಲಸ ಮಾಡಿದವನು ನಾನು. ಒಂದು ದಿನವೂ ತಲೆಯೆತ್ತಿ ಆ ಕಂಬ ನೋಡಿರಲಿಲ್ಲ. ನಾಲ್ಕನೇ ದಿನ ಒಂದು ಕಂಪನಿಯಿಂದ ‘ನಿಮ್ಮ ದೂರು ಬಗೆಹರಿದಿದೆ’ ಅಂತ ಮೆಸೇಜ್ ಬಂತು. ಆ ಮೆಸೇಜ್ ಓದೋಕೂ ಹಲಸಿನ ಮರದ ಬುಡಕ್ಕೇ ಹೋಗಬೇಕಾಯ್ತು. ವೈರು ಸರಿಯಾಗಿದ್ದು ಒಂಬತ್ತನೇ ದಿನ.

ಈ ಕಂಬವನ್ನು ಸ್ವಲ್ಪ ನೆನಪಲ್ಲಿ ಇಟ್ಟುಕೊಳ್ಳಿ. ಆಮೇಲೆ ಮತ್ತೆ ಬರುತ್ತೇನೆ.

ಬೇಡಿಕೆ ಊಹಿಸೋ ಕೆಲಸದಲ್ಲಿ ದೊಡ್ಡ ದೊಡ್ಡವರೇ ಮುಗ್ಗರಿಸಿದ್ದಾರೆ. 1980ರ ದಶಕದ ಶುರುವಿನಲ್ಲಿ ಅಮೆರಿಕದ ಟೆಲಿಫೋನ್ ಕಂಪನಿ ಎಟಿ ಅಂಡ್ ಟಿ, 2000ದ ಹೊತ್ತಿಗೆ ದೇಶದಲ್ಲಿ ಎಷ್ಟು ಮೊಬೈಲ್ ಇರಬಹುದು ಅಂತ ಮೆಕಿನ್ಸಿ ಸಲಹೆಗಾರರನ್ನು ಕೇಳಿತು. ಅವರು ಕೊಟ್ಟ ಉತ್ತರ ಸುಮಾರು 9 ಲಕ್ಷ. ಆ ವರ್ಷ ಮುಗಿಯುವಾಗ ಅಲ್ಲಿ 10 ಕೋಟಿ ದಾಟಿತ್ತು.

ಇದು ಕಡಿಮೆ ಊಹಿಸಿದ ಕಥೆ. ಜಾಸ್ತಿ ಊಹಿಸಿದ್ದು ಇನ್ನೂ ಸ್ವಾರಸ್ಯವಾಗಿದೆ. 1990ರ ದಶಕದ ಕೊನೆಯಲ್ಲಿ ‘ಇಂಟರ್ನೆಟ್ ಟ್ರಾಫಿಕ್ (ಅಂದರೆ ಅಲ್ಲಿ ಓಡಾಡುವ ಡೇಟಾ) 100 ದಿನಕ್ಕೊಮ್ಮೆ ದುಪ್ಪಟ್ಟು ಆಗುತ್ತಿದೆ’ ಅನ್ನೋ ಮಾತು ಹಬ್ಬಿತು. ಅಮೆರಿಕ ಸರ್ಕಾರದ ವರದಿಯಲ್ಲೂ ಅದು ಸೇರಿಕೊಂಡಿತು. 100 ದಿನಕ್ಕೆ ದುಪ್ಪಟ್ಟು ಅಂದರೆ ವರ್ಷಕ್ಕೆ 12 ಪಟ್ಟಿಗೂ ಜಾಸ್ತಿ. ಆಂಡ್ರ್ಯೂ ಓಡ್ಲಿಜ್ಕೊ ಅನ್ನೋ ಗಣಿತಜ್ಞರು ಕೂತು ಲೆಕ್ಕ ಹಾಕಿದರು. ನಿಜವಾಗಿ ಅದು ದುಪ್ಪಟ್ಟು ಆಗುತ್ತಿದ್ದುದು ಸುಮಾರು ವರ್ಷಕ್ಕೊಮ್ಮೆ. ಎರಡರ ಮಧ್ಯೆ ಏನು ಮಹಾ ವ್ಯತ್ಯಾಸ ಅನ್ನಿಸಬಹುದು. ಮೂರು ವರ್ಷ ಎಳೆದು ನೋಡಿ. ವರ್ಷಕ್ಕೊಮ್ಮೆ ದುಪ್ಪಟ್ಟಾದರೆ 8 ಪಟ್ಟು. 100 ದಿನಕ್ಕೊಮ್ಮೆ ಆದರೆ ಹತ್ತಿರ ಹತ್ತಿರ 2000 ಪಟ್ಟು. ಆ 2000 ಪಟ್ಟನ್ನು ನಂಬಿ ಕಂಪನಿಗಳು ಸಾಲ ಮಾಡಿ ನೆಲ ಅಗೆದವು, ಸಮುದ್ರದಡಿ ಕೇಬಲ್ ಎಳೆದವು. 2002ರಲ್ಲಿ ಗ್ಲೋಬಲ್ ಕ್ರಾಸಿಂಗ್ ದಿವಾಳಿ. ಅದೇ ವರ್ಷ ವರ್ಲ್ಡ್‌ಕಾಮ್ ದಿವಾಳಿ.

ತಮಾಷೆ ಇರೋದು ಆಮೇಲೆ. ಕಂಪನಿ ಮುಳುಗಿತು, ಹೂತ ಫೈಬರ್, ಅಂದರೆ ಗಾಜಿನ ಎಳೆ, ಹಾಳಾಗಲಿಲ್ಲ. ಬೇರೆಯವರು ಅದನ್ನು ಚಿಲ್ಲರೆ ಕಾಸಿಗೆ ಕೊಂಡರು. ಬ್ಯಾಂಡ್‌ವಿಡ್ತ್ ಸೋವಿ ಆಯ್ತು. 2005ರಲ್ಲಿ ಯೂಟ್ಯೂಬ್ ಬಂತು. ಯಾವುದೋ ಹೂಡಿಕೆದಾರ ಕಳೆದುಕೊಂಡ ದುಡ್ಡಿನ ಮೇಲೆ ನಾವು ವಿಡಿಯೋ ನೋಡಿದೆವು ಅಂದರೂ ತಪ್ಪಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಗಾದೆ. ಬ್ಯಾಂಡ್‌ವಿಡ್ತ್ ವಿಷಯದಲ್ಲಿ ಜನ ಇದನ್ನು ಚಾಚೂತಪ್ಪದೆ ಪಾಲಿಸುತ್ತಾರೆ. ಹಾಸಿಗೆ ಉದ್ದ ಮಾಡಿದ ಮಾರನೇ ದಿನ ಕಾಲೂ ಉದ್ದ ಆಗಿರುತ್ತೆ. ನಮ್ಮ ದೇಶದ ಲೆಕ್ಕವನ್ನೇ ನೋಡಿ. 2014ರ ಮಾರ್ಚ್‌ನಲ್ಲಿ ಮೊಬೈಲ್ ಡೇಟಾ ಬಳಸುವ ಒಬ್ಬರು ತಿಂಗಳಿಗೆ ಸರಾಸರಿ 62 ಎಂಬಿ ಖರ್ಚು ಮಾಡುತ್ತಿದ್ದರು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ಡೇಟಾ ಬೆಲೆ ಬಿತ್ತು. 2024ರ ಕೊನೆಗೆ ಅದೇ ಲೆಕ್ಕ 21 ಜಿಬಿ. ಹತ್ತು ವರ್ಷದಲ್ಲಿ ಸುಮಾರು 350 ಪಟ್ಟು. 2014ರಲ್ಲಿ ಯಾರಾದರೂ ನಮ್ಮ ಬೆಳೆಗಾರರನ್ನು ‘ನಿಮಗೆ ಎಷ್ಟು ಡೇಟಾ ಬೇಕು’ ಅಂತ ಕೇಳಿದ್ದರೆ ಏನು ಹೇಳುತ್ತಿದ್ದರು? ಮಾರ್ಕೆಟ್ ರೇಟ್ ಎಸ್‌ಎಂಎಸ್ ಬಂದರೆ ಸಾಕು ಮಾರಾಯ್ರೆ ಅನ್ನುತ್ತಿದ್ದರು. ಈಗ ಸಂಜೆ ಆದರೆ ಲಂಡನ್‌ನ ರೊಬಸ್ಟಾ ರೇಟು, ನ್ಯೂಯಾರ್ಕ್‌ನ ಅರೇಬಿಕಾ ರೇಟು ನೋಡದೆ ಊಟಕ್ಕೆ ಏಳೋದಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಹೊತ್ತಿಗಂತೂ ಮೋಡದ ಚಿತ್ರವನ್ನು ಹತ್ತು ನಿಮಿಷಕ್ಕೊಮ್ಮೆ ಎಳೆದೆಳೆದು ನೋಡುತ್ತೇವೆ.

ಹಾಗಾದರೆ ಮುಂದೆಯೂ 350 ಪಟ್ಟು ಏರುತ್ತಾ? ನನಗೆ ಹಾಗನ್ನಿಸೋದಿಲ್ಲ. ಮನುಷ್ಯನಿಗೆ ಇರೋದು ಎರಡು ಕಣ್ಣು, ದಿನಕ್ಕೆ 24 ಗಂಟೆ. ಒಳ್ಳೆ ಗುಣಮಟ್ಟದ ವಿಡಿಯೋಗೆ ಸೆಕೆಂಡಿಗೆ 5 ಮೆಗಾಬಿಟ್ ಅಂತ ಇಟ್ಟುಕೊಳ್ಳಿ. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ಗಂಟೆಗೆ ಎರಡೂಕಾಲು ಜಿಬಿ ಆಯ್ತು. ದಿನಕ್ಕೆ ನಾಲ್ಕು ಗಂಟೆ ಅದನ್ನೇ ನೋಡುತ್ತಾ ಕೂತರೂ 9 ಜಿಬಿ, ತಿಂಗಳಿಗೆ 270. 2024ರ ಲೆಕ್ಕದ ಸುಮಾರು 13 ಪಟ್ಟು. ಇನ್ನೂ ಚೂಪಾದ ಚಿತ್ರ ಬೇಕು ಅಂದರೆ ಸ್ವಲ್ಪ ಮೇಲೆ ಹೋಗಬಹುದು, ಆದರೆ ಆರಿಂಚಿನ ಫೋನ್‌ನಲ್ಲಿ ಆ ವ್ಯತ್ಯಾಸ ಕಣ್ಣಿಗೇ ಕಾಣೋದಿಲ್ಲ. ಜಗತ್ತಿನ ಮೊಬೈಲ್ ಡೇಟಾ ಈಗಲೂ ಏರುತ್ತಿದೆ, ಆದರೆ ಏರುವ ವೇಗ ಇಳಿದಿದೆ. ಇತ್ತೀಚಿನ ವರ್ಷಗಳಲ್ಲಿ ಅದು ಶೇಕಡ 20ರ ಆಸುಪಾಸು. ಹಿಂದೆ 50, 60 ಅಂತ ಓಡುತ್ತಿದ್ದ ಕುದುರೆ ಇದು.

ಎಐ ಬಂತಲ್ಲ, ಅದು ಎಲ್ಲವನ್ನೂ ನುಂಗುತ್ತೆ ಅಂತ ಕಾಲೇಜು ಹುಡುಗರು ಹೇಳುತ್ತಾರೆ. ನೀವು ಅದಕ್ಕೆ ಒಂದು ಪ್ರಶ್ನೆ ಟೈಪ್ ಮಾಡಿದರೆ ಹೋಗಿ ಬರೋದು ಕೆಲವೇ ಕಿಲೋಬೈಟ್. ಒಂದು ಫೋಟೋ ಕಳಿಸಿದ್ದಕ್ಕಿಂತ ಕಡಿಮೆ. ಎಐಗೆ ನಿಜವಾಗಿ ಭಾರೀ ನೆಟ್‌ವರ್ಕ್ ಬೇಕಾಗಿರೋದು ಡೇಟಾ ಸೆಂಟರ್ ಕಟ್ಟಡದ ಒಳಗೆ, ಸಾವಿರಾರು ಚಿಪ್‌ಗಳ ಮಧ್ಯೆ. ಸೆಕೆಂಡಿಗೆ 400, 800 ಗಿಗಾಬಿಟ್ ಲಿಂಕ್‌ಗಳು ಈಗ ಮಾರಾಟ ಆಗುತ್ತಿರೋದು ಅಲ್ಲಿಗೆ. ನಮ್ಮ ಸಿದ್ದಾಪುರದ ಟವರ್‌ಗೆ ಅದರ ಬಿಸಿ ತಟ್ಟೋದಿಲ್ಲ.

ನಮಗೆ ಬಿಸಿ ತಟ್ಟೋದು ಬೇರೆ ಕಡೆಯಿಂದ, ಕ್ಯಾಮೆರಾದಿಂದ. ಕಾಫಿ ರೇಟ್ ಏರಿದ ಮೇಲೆ ಕಣದಲ್ಲಿ ಒಣಗಲು ಹಾಕಿದ ಕಾಫಿಗೂ ಕಾವಲು ಬೇಕಾಗಿದೆ. ಒಂದು ಸಾಧಾರಣ ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಕಳಿಸುತ್ತೆ ಅನ್ನಿ. ದಿನಕ್ಕೆ 86,400 ಸೆಕೆಂಡ್. ಗುಣಿಸಿ, ಎಂಟರಿಂದ ಭಾಗಿಸಿ. 21.6 ಜಿಬಿ. ಒಬ್ಬ ಮನುಷ್ಯ ತಿಂಗಳಿಡೀ ಬಳಸುವಷ್ಟನ್ನು ಕಣದ ಮೂಲೆಯ ಒಂದು ಕ್ಯಾಮೆರಾ ಒಂದೇ ದಿನದಲ್ಲಿ ಮುಗಿಸುತ್ತೆ. ಕ್ಯಾಮೆರಾಗೆ ನಿದ್ದೆ ಇಲ್ಲ, ಬೇಜಾರು ಇಲ್ಲ.

ಇನ್ನೊಂದು ವಿಷಯ ಇದೆ. ಮನುಷ್ಯ ಡೇಟಾ ಇಳಿಸಿಕೊಳ್ಳುತ್ತಾನೆ (ಡೌನ್‌ಲೋಡ್), ಕ್ಯಾಮೆರಾ ಏರಿಸುತ್ತೆ (ಅಪ್‌ಲೋಡ್). ನಮ್ಮ ನೆಟ್‌ವರ್ಕ್ ಕಟ್ಟಿರೋದು ಇಳಿಸುವವನಿಗಾಗಿ. 5ಜಿಯಲ್ಲಿ ಒಂದೇ ತರಂಗಾಂತರವನ್ನು ಸಮಯ ಹಂಚಿ ಬಳಸುತ್ತಾರೆ. ಸಾಮಾನ್ಯವಾಗಿ ಅದರಲ್ಲಿ ಮುಕ್ಕಾಲು ಭಾಗ ಇಳಿಕೆಗೆ ಹೋಗುತ್ತೆ, ಉಳಿದ ಚೂರು ಏರಿಕೆಗೆ. ಕಾಡಾನೆ ದಾರಿಗೆ ಕ್ಯಾಮೆರಾ, ಗೇಟಿಗೆ ಕ್ಯಾಮೆರಾ, ಗೋಡೌನ್‌ಗೆ ಕ್ಯಾಮೆರಾ ಅಂತ ಎಲ್ಲರೂ ಶುರು ಮಾಡಿದರೆ ಮೊದಲು ಉಸಿರು ಕಟ್ಟೋದು ಏರಿಕೆಯ ದಾರಿಗೆ. ಹಾಗಂತ ಇದೂ ಖಚಿತ ಅಲ್ಲ. ಈಗಿನ ಕೆಲವು ಕ್ಯಾಮೆರಾಗಳು ಒಳಗೇ ಯೋಚನೆ ಮಾಡಿ, ಆನೆಯೋ ಮನುಷ್ಯನೋ ಕಂಡಾಗ ಮಾತ್ರ ನಾಲ್ಕು ಸೆಕೆಂಡಿನ ತುಣುಕು ಕಳಿಸುತ್ತವೆ. ಆಗ 21 ಜಿಬಿ ಹೋಗಿ ಕೆಲವು ಎಂಬಿಗೆ ಬಂದು ನಿಲ್ಲುತ್ತೆ. ಯಾವ ಕ್ಯಾಮೆರಾ ಸೋವಿಗೆ ಸಿಗುತ್ತೋ ಬೇಡಿಕೆ ಆ ಕಡೆ ಹೋಗುತ್ತೆ. ಅದಕ್ಕೇ ಹತ್ತು ವರ್ಷದ ಗ್ರಾಫ್ ಬರೆದು ತೋರಿಸುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ.

ಇಲ್ಲಿಯವರೆಗೆ ಹೇಳಿದ್ದು ಎಲ್ಲ ಊರಿಗೂ ಸಲ್ಲುವ ಮಾತು. ಈಗ ನಮ್ಮ ಮಳೆಗೆ ಬರೋಣ.

‘ಮಳೆ ಬಂದರೆ ನೆಟ್‌ವರ್ಕ್ ಯಾಕೆ ಹೋಗುತ್ತೆ?’ ನಿವೃತ್ತಿ ಆದ ಮೇಲೆ ನನಗೆ ಅತಿ ಹೆಚ್ಚು ಕೇಳಿದ ಪ್ರಶ್ನೆ ಇದು. ಜನ ತಿಳಿದುಕೊಂಡಿರೋದು ಫೋನಿಗೂ ಟವರಿಗೂ ಮಧ್ಯೆ ಮಳೆ ಅಡ್ಡ ಬರುತ್ತೆ ಅಂತ. ಅದು ಬಹಳ ಕಡಿಮೆ. ಹರ್ಟ್ಜ್ ಸಂಖ್ಯೆ ಏರಿದಷ್ಟೂ ಅಲೆ ಗಿಡ್ಡ ಆಗುತ್ತೆ. 900 ಮೆಗಾಹರ್ಟ್ಜ್ ಅಲೆ 33 ಸೆಂಟಿಮೀಟರ್ ಉದ್ದ, ಒಂದು ಅಡಿಗಿಂತ ಜಾಸ್ತಿ. ಮಳೆಹನಿ ಇರೋದು ಒಂದರಿಂದ ಐದು ಮಿಲಿಮೀಟರ್. ಆನೆ ನಡೆದು ಹೋಗುವಾಗ ಇರುವೆ ಅಡ್ಡ ಬಂದ ಹಾಗೆ, ಅಲೆಗೆ ಗೊತ್ತೂ ಆಗೋದಿಲ್ಲ. ಒದ್ದೆ ಎಲೆ ಸ್ವಲ್ಪ ಕಾಟ ಕೊಡುತ್ತೆ. ಅದರಲ್ಲೂ 5ಜಿಯ 3.3 ಗಿಗಾಹರ್ಟ್ಜ್ ಅಲೆ ತೋಟದ ನೆರಳು ಮರಗಳ ಮಧ್ಯೆ ಬೇಗ ಸೋಲುತ್ತೆ. 700, 800, 900 ಮೆಗಾಹರ್ಟ್ಜ್‌ನಂಥ ಕೆಳಗಿನ ಅಲೆಗಳೇ ನಮ್ಮಂಥ ಕಾಡು ಗುಡ್ಡಕ್ಕೆ ಲಾಯಕ್ಕು. ವೇಗ ಕಡಿಮೆ, ಆದರೆ ದೂರ ಹೋಗುತ್ತವೆ, ಎಲೆ ದಾಟುತ್ತವೆ.

ನಿಜವಾದ ಪೆಟ್ಟು ಬೀಳೋದು ಟವರ್‌ನ ಬೆನ್ನಿಗೆ. ನಿಮ್ಮ ಮಾತು ಟವರ್‌ವರೆಗೆ ಬಂತು. ಅಲ್ಲಿಂದ ಮುಂದೆ ಮಡಿಕೇರಿಗೋ ಮೈಸೂರಿಗೋ ಹೋಗಬೇಕಲ್ಲ? ಫೈಬರ್ ಇದ್ದರೆ ಸರಿ. ಇಲ್ಲದ ಕಡೆ ಟವರ್ ಮೇಲೆ ಡೋಲಿನ ಹಾಗೆ ದುಂಡಗೆ ಒಂದು ಬಿಳಿ ಡಬ್ಬ ಕಾಣುತ್ತೆ, ನೋಡಿರುತ್ತೀರಿ. ಅದು ಮೈಕ್ರೋವೇವ್ ಲಿಂಕ್. ಎದುರು ಗುಡ್ಡದ ಟವರ್‌ನಲ್ಲಿ ಅದರ ಜೋಡಿ ಇರುತ್ತೆ. ಈ ಲಿಂಕ್‌ಗಳಲ್ಲಿ 15, 18, 23 ಗಿಗಾಹರ್ಟ್ಜ್‌ನವು ಜಾಸ್ತಿ. 23ರಲ್ಲಿ ಅಲೆಯ ಉದ್ದ 13 ಮಿಲಿಮೀಟರ್ ಅಷ್ಟೇ. ಈಗ ಮಳೆಹನಿ ಇರುವೆ ಆಗಿ ಉಳಿಯೋದಿಲ್ಲ. ಜೋರು ಮಳೆ ಸುರಿದರೆ ಹನಿಗಳು ಅಲೆಯ ಬಲವನ್ನು ಹೀರಿಕೊಳ್ಳುತ್ತವೆ, ಚದುರಿಸುತ್ತವೆ. ಆಗ ಲಿಂಕ್ ತಾನೇ ವೇಗ ಇಳಿಸಿಕೊಂಡು ಹೇಗೋ ಉಸಿರಾಡುತ್ತೆ. ನಿಮ್ಮ ಫೋನಿನಲ್ಲಿ ಸಿಗ್ನಲ್‌ನ ನಾಲ್ಕೂ ಕಡ್ಡಿ ತುಂಬಿರುತ್ತೆ, ವಾಟ್ಸಾಪ್‌ನಲ್ಲಿ ಮಾತ್ರ ಗಡಿಯಾರದ ಗುರುತು ಸುಮ್ನೆ ಕೂತಿರುತ್ತೆ. ಕಡ್ಡಿ ಹೇಳೋದು ಟವರ್‌ವರೆಗಿನ ಕಥೆ. ಟವರ್‌ನಿಂದಾಚೆಯ ಕಥೆ ಅದಕ್ಕೆ ಗೊತ್ತಿಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ಕರೆಂಟಿನದು. ಮರ ಬಿತ್ತು, ಕರೆಂಟ್ ಹೋಯ್ತು. ಟವರ್‌ನ ಬ್ಯಾಟರಿ ಕೆಲವು ಗಂಟೆ ಎಳೆಯುತ್ತೆ. ಆಮೇಲೆ ಜನರೇಟರ್. ಅದಕ್ಕೆ ಡೀಸೆಲ್ ತರಬೇಕು. ಡೀಸೆಲ್ ಬರುವ ರಸ್ತೆಯ ಮೇಲೂ ಮರ ಬಿದ್ದಿದೆ! ಇಂಥ ಕಡೆ ಬ್ಯಾಂಡ್‌ವಿಡ್ತ್ ಹತ್ತು ಪಟ್ಟು ಮಾಡಿದರೂ ಏನೂ ಬದಲಾಗೋದಿಲ್ಲ. ಇನ್ನೊಂದು ಸಾಲು ಬ್ಯಾಟರಿ ಇಟ್ಟರೆ ಬದಲಾಗುತ್ತೆ.

2018ರ ಆಗಸ್ಟ್‌ನ ಮಳೆ, ಗುಡ್ಡ ಕುಸಿತ ನಿಮಗೆ ನಾನು ನೆನಪಿಸಬೇಕಾಗಿಲ್ಲ. ಮಕ್ಕಂದೂರು, ಮಾದಾಪುರ, ಜೋಡುಪಾಲ. ಮಡಿಕೇರಿಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯೇ ಕುಸಿಯಿತು, ಬಹಳ ದಿನ ಬಂದ್. ಆ ದಿನಗಳಲ್ಲಿ ಯಾರಿಗೂ ಬೇಕಾಗಿದ್ದು ಹೈ ಸ್ಪೀಡ್ ಅಲ್ಲ. ‘ನಾವು ಸರಿ ಇದ್ದೇವೆ’ ಅನ್ನೋ ಒಂದು ಸಾಲು ದಾಟಬೇಕಿತ್ತು, ಅಷ್ಟೇ. ಒಂದು ಎಸ್‌ಎಂಎಸ್ ಅಂದರೆ 140 ಬೈಟ್.

ಇಲ್ಲಿ ಕನ್ನಡದ ಒಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. 140 ಬೈಟ್‌ನಲ್ಲಿ ಇಂಗ್ಲಿಷ್‌ನ 160 ಅಕ್ಷರ ಹಿಡಿಯುತ್ತೆ. ಕನ್ನಡದಲ್ಲಿ ಬರೆದರೆ 70 ಮಾತ್ರ. ಅದೂ ನಮ್ಮ ಕಣ್ಣಿಗೆ ಕಾಣುವ ಅಕ್ಷರ ಅಲ್ಲ. ‘ಎಚ್ಚರಿಕೆ’ ನಮಗೆ ನಾಲ್ಕು ಅಕ್ಷರ. ಫೋನಿನ ಲೆಕ್ಕದಲ್ಲಿ ಎಂಟು, ಯಾಕೆಂದರೆ ಒತ್ತು, ಗುಣಿತ ಎಲ್ಲ ಬೇರೆ ಬೇರೆ. ಹಾಗಾಗಿ ‘ಆನೆ ಬಂದಿದೆ, ಈ ದಾರಿಯಲ್ಲಿ ಬರಬೇಡಿ’ ಅಂತ ಕನ್ನಡದಲ್ಲಿ ಸಾವಿರ ಜನಕ್ಕೆ ಕಳಿಸುವವರು ಪ್ರತಿ ಪದವನ್ನೂ ತೂಗಿ ಬರೆಯಬೇಕು. 2023ರಲ್ಲಿ ಒಂದು ದಿನ ಎಲ್ಲರ ಫೋನ್ ಒಟ್ಟಿಗೇ ಕೂಗಿಕೊಂಡು ಒಂದು ಪರೀಕ್ಷಾ ಸಂದೇಶ ಬಂದಿತ್ತಲ್ಲ, ಅದು ಸೆಲ್ ಬ್ರಾಡ್‌ಕಾಸ್ಟ್. ಒಬ್ಬೊಬ್ಬರಿಗೂ ಬೇರೆ ಬೇರೆ ಕಳಿಸೋದಿಲ್ಲ. ಟವರ್ ಒಂದೇ ಸಲ ಕೂಗುತ್ತೆ, ಅದರ ಕೆಳಗಿರುವ ಎಲ್ಲ ಫೋನಿಗೂ ಕೇಳುತ್ತೆ. ನೆಟ್‌ವರ್ಕ್ ಎಷ್ಟೇ ತುಂಬಿದ್ದರೂ ಅದು ಸಿಕ್ಕಿಹಾಕಿಕೊಳ್ಳೋದಿಲ್ಲ. ಗುಡ್ಡ ಕುಸಿಯುವ ಜಿಲ್ಲೆಗೆ ಇದಕ್ಕಿಂತ ಒಳ್ಳೆ ತಂತ್ರಜ್ಞಾನ ನನಗೆ ಕಾಣೋದಿಲ್ಲ. ಬ್ಯಾಂಡ್‌ವಿಡ್ತ್ ಲೆಕ್ಕದಲ್ಲಿ ಅದು ಸೊನ್ನೆಗೆ ಸಮ.

ಈಗ ಕಂಬಕ್ಕೆ ವಾಪಸ್ ಬರೋಣ. ಕೊಡಗಿಗೆ ಹೊರಗಿನಿಂದ ಬರುವ ದಾರಿಗಳು ಯಾವುವು? ಮೈಸೂರು ಕಡೆಯಿಂದ ಕುಶಾಲನಗರ. ಹುಣಸೂರು ಕಡೆಯಿಂದ ತಿತಿಮತಿ, ಗೋಣಿಕೊಪ್ಪ. ಮಂಗಳೂರು ಕಡೆಯಿಂದ ಸಂಪಾಜೆ ಘಾಟಿ. ಹಾಸನ ಕಡೆಯಿಂದ ಕೊಡ್ಲಿಪೇಟೆ, ಶನಿವಾರಸಂತೆ. ಕೇರಳದಿಂದ ಮಾಕುಟ್ಟ, ಕುಟ್ಟ. ರೈಲು ಇಲ್ಲ. ಹಾಗಾಗಿ ಫೈಬರ್ ಎಳೆಯುವವರಿಗೂ ಈ ರಸ್ತೆಗಳ ಬದಿಯೇ ಗತಿ. ಕಂಬದ ಮೇಲೆ ಹೋದರೆ ಮರ ಬೀಳುತ್ತೆ. ನೆಲದಡಿ ಹೋದರೆ ರಸ್ತೆ ಅಗಲ ಮಾಡೋಕೋ ನೀರಿನ ಪೈಪ್ ಹಾಕೋಕೋ ಬಂದ ಜೆಸಿಬಿ ಅಗೆಯುತ್ತೆ.

2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಎಲ್ಲ ಪಂಚಾಯಿತಿಗೂ ಫೈಬರ್ ಕೊಡುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಈಗಿನ ಭಾರತ್‌ನೆಟ್ ಅದೇ. ಪ್ರತಿ ಪಂಚಾಯಿತಿಗೆ 100 ಮೆಗಾಬಿಟ್ ಅನ್ನೋದು ಆಗಿನ ಗುರಿ. ಎಲ್ಲರ ಗಮನ ಆ 100ರ ಮೇಲೇ ಇತ್ತು. ಎಳೆದಿದ್ದು ಮಾತ್ರ ಬಾಲದ ಹಾಗೆ: ತಾಲ್ಲೂಕಿನಿಂದ ಒಂದು ಎಳೆ, ಅದರ ತುದಿಯಲ್ಲಿ ಪಂಚಾಯಿತಿ. ನಡುವೆ ಎಲ್ಲಿ ಕತ್ತರಿಸಿದರೂ ಆಚೆಯವರೆಲ್ಲ ಕತ್ತಲಲ್ಲಿ. 2023ರ ಆಗಸ್ಟ್‌ನಲ್ಲಿ ಇದನ್ನು ತಿದ್ದುವ ಹೊಸ ಯೋಜನೆಗೆ 1.39 ಲಕ್ಷ ಕೋಟಿ ರೂಪಾಯಿ ಮಂಜೂರಾಯಿತು. ಅದರ ಮುಖ್ಯ ಬದಲಾವಣೆ ಏನು ಗೊತ್ತಾ? ಬಾಲವನ್ನು ಬಳೆ ಮಾಡೋದು. ಎಳೆ ಹೋಗಿ ಇನ್ನೊಂದು ಕಡೆಯಿಂದ ವಾಪಸ್ ಬರಬೇಕು. ಒಂದು ಕಡೆ ಕಡಿದರೆ ಸಿಗ್ನಲ್ ಹಿಂದಕ್ಕೆ ತಿರುಗಿ ಸುತ್ತು ಹಾಕಿ ಬರುತ್ತೆ. ರಿಂಗ್ ಅನ್ನುತ್ತೇವೆ.

ಆದರೆ ಕಾಗದದ ಮೇಲಿನ ರಿಂಗ್ ಬೇರೆ, ನೆಲದ ಮೇಲಿನ ರಿಂಗ್ ಬೇರೆ. ಹೋಗುವ ಎಳೆಯನ್ನೂ ಬರುವ ಎಳೆಯನ್ನೂ ಖರ್ಚು ಉಳಿಸಲು ಒಂದೇ ಗುಂಡಿಯಲ್ಲಿ ಹೂತರೆ ನಕ್ಷೆಯಲ್ಲಿ ಬಳೆ ಕಾಣುತ್ತೆ, ಜೆಸಿಬಿಗೆ ಒಂದೇ ಕಡಿತ. ನಮ್ಮ ಮನೆಯ ಎರಡು ವೈರಿನ ಹಾಗೆ. ಗ್ರಾಮಸಭೆಯಲ್ಲಿ ‘ನಮಗೆ 5ಜಿ ಯಾವಾಗ, ಸ್ಪೀಡ್ ಎಷ್ಟು’ ಅಂತ ಕೇಳುತ್ತೇವೆ. ಎಳೆ ಯಾವ ರಸ್ತೆಯಲ್ಲಿ ಬರುತ್ತೆ, ವಾಪಸ್ ಯಾವ ರಸ್ತೆಯಲ್ಲಿ ಹೋಗುತ್ತೆ, ಟವರ್ ಬ್ಯಾಟರಿ ಎಷ್ಟು ಗಂಟೆ ಬರುತ್ತೆ ಅಂತ ಕೇಳಿದವರನ್ನು ನಾನು ಕಂಡಿಲ್ಲ. ಭಾಗಮಂಡಲಕ್ಕೆ ನಾಪೋಕ್ಲು ಕಡೆಯಿಂದ ಒಂದು, ಚೇರಂಬಾಣೆ ಕಡೆಯಿಂದ ಒಂದು ಎಳೆ ಇದೆಯಾ ಅಂತ ಕೇಳಬಹುದಲ್ಲ?

ಕೊನೆಗೆ ಪ್ರಶ್ನೆಗಳು ಬಂದವು. ಎರಡನ್ನು ಮಾತ್ರ ಬರೆಯುತ್ತೇನೆ.

ಹೋಂಸ್ಟೇ ನಡೆಸುವ ಒಬ್ಬರು ಕೇಳಿದ್ದು ಸ್ಯಾಟಲೈಟ್ ಇಂಟರ್ನೆಟ್ ಬಗ್ಗೆ. 2025ರ ಜೂನ್‌ನಲ್ಲಿ ಅಂಥ ಸೇವೆ ಕೊಡುವ ಸ್ಟಾರ್‌ಲಿಂಕ್‌ಗೆ ನಮ್ಮ ದೇಶದ ಲೈಸೆನ್ಸ್ ಸಿಕ್ಕಿತು. ಅದರ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಹಳೆ ಕಾಲದ ಸಂಪರ್ಕ ಉಪಗ್ರಹ 36,000 ಕಿಲೋಮೀಟರ್ ಮೇಲೆ ಇರುತ್ತಿತ್ತು, ಮಾತಾಡಿದರೆ ಉತ್ತರ ಬರಲು ಅರ್ಧ ಸೆಕೆಂಡ್ ತಡ. ಇದರಲ್ಲಿ ಆ ತೊಂದರೆ ಇಲ್ಲ. ಕಂಬವೂ ಬೇಡ, ಗುಂಡಿಯೂ ಬೇಡ, ಹಾಗಾಗಿ ಎರಡನೇ ದಾರಿಯಾಗಿ ನಿಜಕ್ಕೂ ಬೇರೆ ದಾರಿ. ಆದರೆ ಅದಕ್ಕೆ ತೆರೆದ ಆಕಾಶ ಬೇಕು. ನಿಮ್ಮ ಮನೆ ಮೇಲೆ ಆಕಾಶ ಕಾಣುತ್ತಾ ಅಂತ ಕೇಳಿದೆ. ಸುತ್ತ ಮರ ಅಂದರು. ಆ ಮರಗಳನ್ನು ನೋಡೋಕೆ ತಾನೇ ನಿಮ್ಮಲ್ಲಿಗೆ ಜನ ಬರೋದು ಅಂದೆ. ಜೋರು ಮಳೆಯಲ್ಲಿ ಅದೂ ಸ್ವಲ್ಪ ತಡವರಿಸುತ್ತೆ, 12 ಗಿಗಾಹರ್ಟ್ಜ್ ಹತ್ತಿರದ ಅಲೆ ಅದು.

ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಎದ್ದು ನಿಂತರು. ‘ಹಿಂದೆ ಕರೆಂಟ್ ವಾರಗಟ್ಟಲೆ ಇಲ್ಲದಿದ್ದರೂ ಲ್ಯಾಂಡ್‌ಲೈನ್ ಫೋನ್ ಟ್ರಿಣ್ ಅನ್ನುತ್ತಿತ್ತು. ಈಗ ಫೈಬರ್ ಬಂದಿದೆ, ಕರೆಂಟ್ ಹೋದ ಕ್ಷಣ ಎಲ್ಲ ಸ್ತಬ್ಧ. ಇದೆಂಥ ಮುಂದುವರಿಕೆ?’ ಅಂದರು. ಸಭೆ ನಕ್ಕಿತು. ನಾನು ನಗಲಿಲ್ಲ, ಅವರು ಹೇಳಿದ್ದು ಸರಿ. ಹಳೆ ತಾಮ್ರದ ತಂತಿಯಲ್ಲಿ ಮಾತಿನ ಜೊತೆಗೆ 48 ವೋಲ್ಟ್ ಕರೆಂಟ್ ಕೂಡ ಟೆಲಿಫೋನ್ ಎಕ್ಸ್‌ಚೇಂಜ್‌ನಿಂದಲೇ ಬರುತ್ತಿತ್ತು. ಅಲ್ಲಿ ದೊಡ್ಡ ಬ್ಯಾಟರಿ ಕೋಣೆ ಇರುತ್ತಿತ್ತು. ಗಾಜಿನ ಎಳೆಯಲ್ಲಿ ಬೆಳಕು ಬರುತ್ತೆ, ಕರೆಂಟ್ ಬರೋದಿಲ್ಲ. ಮೋಡೆಮ್‌ಗೆ ಕರೆಂಟ್ ಮನೆಯವರೇ ಕೊಡಬೇಕು. ಅಂಗಡಿಯಲ್ಲಿ ಮೋಡೆಮ್‌ಗೆಂದೇ ಪುಟ್ಟ ಯುಪಿಎಸ್ ಸಿಗುತ್ತೆ, ಅಂಗೈ ಅಗಲ, ಕೆಲವು ಗಂಟೆ ಬರುತ್ತೆ ಅಂದೆ.

ಎಷ್ಟು ವೋಲ್ಟಿನದು ತಗೊಳ್ಳಬೇಕು ಅಂತ ಅವರು ಜೇಬಿನಿಂದ ಪೆನ್ ತೆಗೆದರು. ಮೋಡೆಮ್ ಅಡಾಪ್ಟರ್‌ನ ಹಿಂದೆ ಬರೆದಿರುತ್ತೆ, ಹೆಚ್ಚಿನವು 12 ವೋಲ್ಟ್, ವೋಲ್ಟ್ ಜೊತೆಗೆ ಆಂಪಿಯರ್ ಕೂಡ ನೋಡಿಕೊಂಡು ತಗೊಳ್ಳಿ ಅಂದೆ. ಆಹ್ವಾನ ಪತ್ರಿಕೆಯ ಹಿಂದೆ ಅದನ್ನು ಬರೆದುಕೊಂಡರು. ಅಷ್ಟರಲ್ಲಿ ಕಾಫಿ ಬಂತು.